ಕಡ್ಡಿಗೆ ಹೊಲಿದ ಬೂಟು

ಅವರ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರಿರಬೇಕಾದ ಕಡೆ ಚರ್ಮ ಗಟ್ಟಿಯಾಗಿ, ನಯವಾಗಿ ಹೊಳೆಯುತ್ತಿತ್ತು. ಜೀವನವಿಡೀ ಅದೇ ಬೆರಳಲ್ಲಿ ಬೂಟಿನ ಚರ್ಮ ಒತ್ತಿ ಒತ್ತಿ ಹಾಗಾಗಿತ್ತು. ಆ ಬೆರಳು ಮೊದಲ ಸಲ ನನ್ನ ಪಾದ ಮುಟ್ಟಿದಾಗ ನನಗೆ ಇಪ್ಪತ್ತೊಂದು ವರ್ಷ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಯಾಕೆ ಮುಚ್ಚಿಕೊಂಡಿದ್ದೆ ಅನ್ನೋದನ್ನ ಹೇಳೋಕೆ ಇವತ್ತಿಗೂ ನಾಚಿಕೆಯಾಗುತ್ತೆ. ಆದರೂ ಹೇಳುತ್ತೇನೆ, ಇನ್ನು ಮುಚ್ಚಿಟ್ಟುಕೊಂಡು ಮಾಡೋದೇನಿದೆ.

ಸಂತೇಬೆನ್ನೂರಿನ ಸಂತೆ ನಡೆಯುವ ಜಾಗದ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಅವರು ಚಪ್ಪಲಿ, ಬೂಟು ಹೊಲಿಯುತ್ತಿದ್ದರು. ಈಗ ನಾನವರನ್ನು ಬೂಟಿನಜ್ಜ ಅನ್ನುತ್ತೇನೆ. ಆಗ ಅನ್ನುತ್ತಿರಲಿಲ್ಲ. ಅವರು ಊರಾಚೆ ಕೇರಿಯವರು. ಮೀಸೆ ಮೂಡದ ಹುಡುಗರೂ ಅವರನ್ನು 'ಏ, ಇದೊಂದು ಹೊಲ್ಕೊಡು' ಅಂತ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾನೂ ಅದೇ ಪೈಕಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ನಮ್ಮೂರು ನಲ್ಲೂರಿನ ಕಟ್ಟೆ ಮೇಲೆ ಕೂತಿದ್ದವನಿಗೆ ಅರಣ್ಯ ಇಲಾಖೆಯಿಂದ ಕಾಗದ ಬಂತು. ಗಾರ್ಡ್ ಕೆಲಸ. ನಾಲ್ಕು ಗಂಟೆಯೊಳಗೆ ಹದಿನೈದು ಮೈಲಿ ಕಾಡುದಾರಿ ನಡೆದು ತೋರಿಸಬೇಕು, ಬೂಟು ಹಾಕ್ಕೊಂಡೇ ಬರಬೇಕು. ನಡೆಯೋದೇನು ಮಹಾ, ನಾನು ದಿನಾ ನಡೆಯುವವನೇ. ತೊಂದರೆ ಇದ್ದದ್ದು ಬೂಟಿನದು. ನನ್ನ ಬಲಗಾಲಿಗೆ ಆರು ಬೆರಳು.

ಅಜ್ಜಿ ಅದನ್ನ ಅದೃಷ್ಟ ಅನ್ನುತ್ತಿದ್ದಳು. ಚನ್ನಗಿರಿಯ ಅಂಗಡಿಗಳಲ್ಲಿ ಆ ಅದೃಷ್ಟಕ್ಕೆ ಸರಿಹೋಗುವ ಬೂಟು ಸಿಗಲಿಲ್ಲ. ಅಗಲ ಸರಿಹೋದರೆ ಹಿಮ್ಮಡಿ ಕಳಚುತ್ತಿತ್ತು, ಹಿಮ್ಮಡಿ ಹಿಡಿದರೆ ಕಿರುಬೆರಳ ಪಕ್ಕದ ಆ ಪುಟ್ಟದು ನಲುಗಿ ಪ್ರಾಣ ಹೋಗುತ್ತಿತ್ತು. ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ, ನ್ಯಾಮತಿಗೂ ಹೋದೆ. ಅಲ್ಲೊಬ್ಬ ಅಂಗಡಿಯವನು 'ಒಂದು ಬೆರಳು ಮನೇಲಿಟ್ಟು ಬರ್ರಿ' ಅಂತ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬರುವಷ್ಟಾಗಿತ್ತು.

ಕೊನೆಗೆ ಯಾರೋ ಸಂತೇಬೆನ್ನೂರಿನ ಅವರ ಹೆಸರು ಹೇಳಿದರು. ಅಜ್ಜಿ ಒಪ್ಪಿದಳು, ಆದರೆ ಒಂದು ಷರತ್ತು. ನಮ್ಮೂರಲ್ಲಿ ಸಂತೆಗೆ ಹೋಗದ ಹೆಂಗಸರಿಗೆ, ಮಕ್ಕಳಿಗೆ ಚಪ್ಪಲಿ ತರೋದು ಕಡ್ಡಿ ಅಳತೆಯಲ್ಲಿ. ಪಾದದ ಉದ್ದಕ್ಕೆ ಪೊರಕೆ ಕಡ್ಡಿ ಮುರಿದು ಸಂತೆಗೆ ಹೋಗುವವರ ಕೈಗೆ ಕೊಟ್ಟುಬಿಡೋದು. ಅಜ್ಜಿ ನನಗೂ ಹಾಗೇ ಎರಡು ಕಡ್ಡಿ ಮುರಿದುಕೊಟ್ಟಳು, ಉದ್ದಕ್ಕೊಂದು, ಅಗಲಕ್ಕೊಂದು. 'ಕಾಲು ಮುಟ್ಟಾಕೆ ಬಿಡಬ್ಯಾಡ. ದೂರದಿಂದ್ಲೇ ಕಡ್ಡಿ ಹಾಕಿ ಬಾ' ಅಂದಳು. ನಾನು ಹಾಗೇ ಮಾಡಿದೆ. ಕಡ್ಡಿಗಳನ್ನು ಗೋಣಿಚೀಲದ ಮೇಲೆ ಎಸೆದು ವಿಷಯ ಹೇಳಿದೆ. ಅವರು ಒಂದು ಸಲ ನನ್ನ ಕಾಲು ನೋಡಿದರು, ಒಂದು ಸಲ ಕಡ್ಡಿ ನೋಡಿದರು, ಎತ್ತಿಟ್ಟುಕೊಂಡರು.

ವಾರ ಬಿಟ್ಟು ಹೋದಾಗ ಬೂಟು ತಯಾರಿತ್ತು. ನೋಡೋಕೆ ಲಕ್ಷಣವಾಗಿತ್ತು. ಹಾಕಿಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. 'ಎಂಥಾ ಕೆಲ್ಸ ಮಾಡೀಯ ನೀನು' ಅಂತ ರೇಗಿದೆ.

ಅವರು ತಲೆ ಎತ್ತಲಿಲ್ಲ. ದಾರಕ್ಕೆ ಮೇಣ ಉಜ್ಜುತ್ತಲೇ ಹೇಳಿದರು. 'ಕಡ್ಡಿ ಕೊಟ್ರಿ, ಕಡ್ಡಿಗೆ ಹೊಲ್ದೀನಿ ಸ್ವಾಮಿ. ಕಡ್ಡೀಗೇ ಹಾಕಿ ನಡೆಸ್ಕಂಡು ಹೋಗ್ರಿ.'

ಕೆಲಸ ಕೈತಪ್ಪುವ ಹೆದರಿಕೆ ಒಂದು ಕಡೆ, ಅಜ್ಜಿ ಒಂದು ಕಡೆ. ಕೊನೆಗೆ 'ಏನು ಮಾಡ್ಬೇಕು ಈಗ' ಅಂದೆ.

'ಕೆರೆ ತನಕ ಬರಿಗಾಲಲ್ಲಿ ಹೋಗಿ ಬರ್ರಿ. ಕೂತಿದ್ದ ಕಾಲೇ ಬ್ಯಾರೆ, ನಡದಿದ್ದ ಕಾಲೇ ಬ್ಯಾರೆ. ನಂಗೆ ನಡದಿದ್ದು ಬೇಕು.'

ಹೋಗಿ ಬಂದೆ. ಅವರು ನೆಲದ ಮೇಲೆ ಒಲೆಬೂದಿ ಹರಡಿದ್ದರು. ಅದರ ಮೇಲೆ ನಿಲ್ಲಿಸಿ, ಭಾರ ಬಿಟ್ಟು ನಿಲ್ಲೋಕೆ ಹೇಳಿ, ಮೂಡಿದ ಗುರುತನ್ನು ಬಗ್ಗಿ ನೋಡಿದರು. ಆಮೇಲೆ ಎರಡೂ ಕೈ ಚಾಚಿದರು. ನಾನು ಕಣ್ಣು ಮುಚ್ಚಿ ಕಾಲು ಕೊಟ್ಟೆ. ಆ ಉಗುರಿಲ್ಲದ ಬೆರಳು ಒಂದೊಂದೇ ಬೆರಳನ್ನು ಒತ್ತಿ, ಸಂದು ಸವರಿ, ಆರನೆಯದರ ಹತ್ತಿರ ನಿಂತಿತು. 'ಇದಕ್ಕೆ ಜಾಗ ಯಾರೂ ಬಿಟ್ಟೇ ಇಲ್ಲಲ್ಲ ಇಷ್ಟು ದಿನ' ಅಂದರು. ಅಲ್ಲಿಯವರೆಗೆ ಆ ಬೆರಳನ್ನು ನಗದೆ ನೋಡಿದವರು ನಮ್ಮಜ್ಜಿ ಬಿಟ್ಟರೆ ಇವರೊಬ್ಬರೇ.

ಮನೆಗೆ ಬಂದು ನಿಜ ಹೇಳಿದೆ. ಅಜ್ಜಿ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ನಿಲ್ಲಿಸಿ ತಲೆ ಮೇಲಿಂದ ಕೊಡಗಟ್ಟಲೆ ನೀರು ಸುರಿದಳು. ಬೇಡ ಅನ್ನೋ ಧೈರ್ಯ ನನಗಿರಲಿಲ್ಲ. ಸುಮ್ಮನೆ ಸುರಿಸಿಕೊಂಡೆ.

ನಾಲ್ಕು ದಿನ ಬಿಟ್ಟು ಹಾಕಿ ನೋಡೋಕೆ ಹೋದಾಗ ಅವರು ಲೇಸು ಪೋಣಿಸುತ್ತಾ ಕೇಳಿದರು. 'ಮೊನ್ನೆ ಮನೇಗೆ ಹೋಗಿ ನೀರು ಹಾಕ್ಕಂಡ್ರಾ ಸ್ವಾಮಿ?'

ನಾನು ನೆಲ ನೋಡಿದೆ.

'ಹಾಕ್ಕಳ್ರಿ, ಅದಕ್ಯಾಕೆ ತಲೆ ತಗ್ಗಿಸ್ತೀರಿ. ನಾನೂ ಕೈ ತೊಳಕಂಡೆ. ಎಂಥಾ ಧೂಳುಗಾಲು ಅವು.' ನಕ್ಕರು. ನಾನೂ ನಗೋಕೆ ಹೋದೆ, ಆಗಲಿಲ್ಲ. ಆ ಕ್ಷಣದಲ್ಲಿ ಬಾಯಿಂದ ತಾನಾಗೇ 'ನೀವು' ಅಂತ ಬಂತು. 'ನೀವು ಬೇಜಾರು ಮಾಡ್ಕೋಬ್ಯಾಡ್ರಿ ಅಜ್ಜ' ಅಂದೆ. ಅವರು 'ನಡೀರಿ ನೋಡಾಣ' ಅಂದರು.

ನಡೆದೆ. ಹೊರಗೆ ಎಮ್ಮೆ ಚರ್ಮ, ಒಳಗೆ ಮೆತ್ತಗಿನ ಮೇಕೆ ಚರ್ಮ, ಅಡಿಗೆ ಲಾರಿ ಟೈರು. ಬಲಗಾಲಿನ ಹೊರಮಗ್ಗುಲಲ್ಲಿ ಹುಣಸೆಬೀಜದಷ್ಟು ಉಬ್ಬು. ಪರೀಕ್ಷೆಯ ದಿನ ಹದಿನೈದು ಮೈಲಿ ನಡೆದು ಮುಗಿಸಿದಾಗ ನನ್ನ ಕಾಲಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ. ಕೆಲಸ ಸಿಕ್ಕಿತು.

ಜಗಳೂರಿನ ಕಡೆ ಜಾಲಿಮುಳ್ಳಿನ ಕಾಡಲ್ಲಿ ವರ್ಷಗಟ್ಟಲೆ ತಿರುಗಿದ್ದು ಅವರ ಬೂಟಿನಲ್ಲೇ. ಇಲಾಖೆ ಕೊಟ್ಟ ಬೂಟು ಪೆಟ್ಟಿಗೆಯಲ್ಲೇ ಉಳಿಯಿತು. ಅಡಿ ಸವೆದಾಗಲೆಲ್ಲ ಬಸ್ಸು ಹತ್ತಿ ಸಂತೇಬೆನ್ನೂರಿಗೆ ಹೋಗುತ್ತಿದ್ದೆ. ಹೋದ ಕೂಡಲೆ ನನ್ನ ಮುಖ ನೋಡದೆ 'ಆರನೇದು ಹೆಂಗೈತೆ?' ಅಂತ ಕೇಳುತ್ತಿದ್ದರು. ಎಷ್ಟು ಹೇಳಿದರೂ ಸ್ವಾಮಿ ಅನ್ನೋದು ಮಾತ್ರ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆಗೆ ಒಂದು ದಿನ ಹೋದಾಗ ಗೋಣಿಚೀಲದ ಜಾಗ ಖಾಲಿಯಿತ್ತು. ಪಕ್ಕದ ಬಳೆ ಅಂಗಡಿಯಾಕೆ 'ಬೆಳಿಗ್ಗೆ ಹೋಗಿಬಿಟ್ರು' ಅಂದಳು. ಬೂಟು ಕಂಕುಳಲ್ಲಿ ಇಟ್ಟುಕೊಂಡೇ ಕೇರಿಗೆ ಹೋದೆ. ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಕಾಲು ಮಡಚಿ ಕೂತೇ ಇರುತ್ತಿದ್ದವರ ಪಾದ ನಾನು ಅಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ. ಚಿಕ್ಕ ಪಾದಗಳು, ಹಿಮ್ಮಡಿ ಒಡೆದಿದ್ದವು. ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆ ಒತ್ತಿ ಅತ್ತೆ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ವಿಷಯ ಕೇಳಿ ಹೆಂಡತಿ ಬಾಗಿಲಲ್ಲೇ ತಡೆದಳು. 'ನೀರು ಕಾದೈತೆ, ಹಿತ್ಲಿಗೆ ಬರ್ರಿ' ಅಂದಳು.

ನಾನು ಒಳಗೆ ಹೋಗಿ ತಟ್ಟೆ ಹಾಕಿಕೊಂಡು ಕೂತೆ. ಅವಳು ನನ್ನ ಮುಖ ನೋಡಿ ಬಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ 'ನೀರು ಆರತೈತ್ರಿ' ಅಂದಳು.

'ಆರಲಿ' ಅಂದೆ. ಅದೇ ಕೈಯಲ್ಲಿ ಉಂಡೆ.