ಗುಬ್ಬಚ್ಚಿಯನ್ನು ಕಾಯುವಾಕೆ

ಇನ್ನೂ ನಸುಗತ್ತಲು. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದಾರೆ, ಇನ್ನೊಂದು ತುದಿಯಲ್ಲಿ ಸೊಸೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಸೊಸೆಗೆ ಪರಿವೆಯಿಲ್ಲ. "ಬೆಳಗಾಗೋದೇ ತಡ, ಆ ಗುಬ್ಬಚ್ಚಿ ಮುಂದೆ ಕೂತ್ಬಿಡ್ತಾಳೆ," ಎನ್ನುತ್ತಾ ಅತ್ತೆಯೇ ಎದ್ದು ಒಲೆ ಆರಿಸುತ್ತಾರೆ. ಆ ಗೊಣಗಾಟದಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು.

ಗುಬ್ಬಚ್ಚಿ ಎಂದರೆ ಹಕ್ಕಿಯಲ್ಲ, ಪುಟ್ಟದೊಂದು ವೆಬ್ ಸರ್ವರ್ ತಂತ್ರಾಂಶ. ಗೇಟಿನ ಕ್ಯಾಮೆರಾ, ನೀರಿನ ಪಂಪು, ಆಸ್ಪತ್ರೆಯ ಯಂತ್ರ ಇಂಥವುಗಳ ಹೊಟ್ಟೆಯಲ್ಲಿ ಕೂತು, ಯಾರಾದರೂ ದೂರದಿಂದ ವಿಚಾರಿಸಿದರೆ ಒಳಗಿನ ಸ್ಥಿತಿಗತಿಯನ್ನು ಒಂದು ಪುಟದಲ್ಲಿ ತೋರಿಸುವುದು ಅದರ ಕೆಲಸ. ಅದನ್ನು ಬರೆಸಿದ ಕಂಪನಿ ಎಂದೋ ಬಾಗಿಲು ಹಾಕಿತು. ಅಲ್ಲಿ ಕೆಲಸಕ್ಕಿದ್ದ ಈ ಸೊಸೆ ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾರೆ. ತಬ್ಬಲಿಯಾದ ಗುಬ್ಬಚ್ಚಿಯನ್ನು ಮಾತ್ರ ಕೈಬಿಟ್ಟಿಲ್ಲ. ಯಾರು ಬೇಕಾದರೂ ಕೇಳದೆ ಎತ್ತಿಕೊಂಡು ಹೋಗಬಹುದಾದ ಬಿಟ್ಟಿ ತಂತ್ರಾಂಶವಾದ್ದರಿಂದ ಅದು ಯಾರ್ಯಾರ ಮನೆ ಸೇರಿದೆಯೋ ಇವರಿಗೇ ತಿಳಿಯದು. ಚೆನ್ನಾಗಿದ್ದಾಗ ಹೊಗಳುವವರಿಲ್ಲ, ಕೆಟ್ಟಾಗ ಬೈಯುವವರಿಗೇನೂ ಬರವಿಲ್ಲ.

ಈ ಸಲ ಕೆಟ್ಟದ್ದು ಇವರ ಕೈಯಿಂದಲೇ. ಗುಬ್ಬಚ್ಚಿ ಹೆಸರು ಮಾಡಿದ್ದೇ ಹಗುರ ಎಂದು, ಅದನ್ನು ಇನ್ನಷ್ಟು ಹಗುರ ಮಾಡುವುದು ಇವರ ಹುಚ್ಚು. ಹಾಗೆ ಕತ್ತರಿ ಆಡಿಸುತ್ತಾ, ಹೊರಗಿನಿಂದ ಬರುವ ಕೋರಿಕೆ ಎಷ್ಟು ಉದ್ದವಿದೆ ಎಂದು ಅಳೆಯುವ ಸಾಲನ್ನೂ ದಂಡವೆಂದು ಕಿತ್ತುಹಾಕಿದರು. "ಅದೇ ಕೆಲಸ ಇನ್ನೊಂದು ಕಡೆ ನಡೀತಿದೆ ಅನ್ಕೊಂಡೆ. ನಡೀತಿರ್ಲಿಲ್ಲ. ನಾಲ್ಕಕ್ಷರ ಉಳಿಸೋಕೆ ಹೋಗಿ ಬಾಗಿಲ ಚಿಲಕಾನೇ ತೆಗೆದಿಟ್ಟೆ," ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಬೇಕೆಂದೇ ಮಾರುದ್ದದ ಕೋರಿಕೆ ಕಳಿಸಿದರೆ ಸಾಕು, ಗುಬ್ಬಚ್ಚಿ ತಲೆಕೆಟ್ಟು, ಕಳಿಸಿದವರು ಹೇಳಿದಂತೆ ಕುಣಿಯುತ್ತದೆ.

ಇದನ್ನು ಕಂಡುಹಿಡಿದವರು ದೂರದೂರಿನ ನಿವೃತ್ತ ಗಣಿತದ ಮೇಷ್ಟ್ರು. ಇಂಥ ತೂತು ಹುಡುಕುವುದೇ ಅವರ ಹವ್ಯಾಸ. ಈ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ತೂತು ಕಂಡವರು ಮೊದಲು ತಂತ್ರಾಂಶ ನೋಡಿಕೊಳ್ಳುವವರ ಕಿವಿಗೆ ಮಾತ್ರ ಹಾಕಬೇಕು, ಮುಚ್ಚಲು ಸಮಯ ಕೊಡಬೇಕು, ಆಮೇಲೆ ಊರಿಗೆಲ್ಲ ಸಾರಬೇಕು. ಸಾರುವ ದಿನ ಇವತ್ತು. ತೂತು ಮುಚ್ಚಿದ ಹೊಸ ಗುಬ್ಬಚ್ಚಿ ಸಿದ್ಧವಿದೆ, ಆದರೆ ಯಂತ್ರದೊಳಗಿನ ಹಳೆಯದನ್ನು ಯಂತ್ರ ಮಾಡಿದವರೇ ಬದಲಿಸಬೇಕು.

ಇವರ ಸಂಕಟ ಇರುವುದು ಅಲ್ಲೇ. ಇವರ ಅಕ್ಕ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ ಹಿರಿಯ ನರ್ಸು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಅಲ್ಲಿನ ತೊಟ್ಟಿಲುಗಳಲ್ಲೂ ಗುಬ್ಬಚ್ಚಿ ಇದೆ. ಶಾಖ ಎಷ್ಟೆಂದು ನರ್ಸುಗಳ ಮೇಜಿಗೆ ತೋರಿಸುವುದು ಅದೇ, ಆ ಮೇಜಿನಿಂದಲೇ ಶಾಖ ಏರಿಸಿ ಇಳಿಸುವುದೂ ಅದರ ಮೂಲಕವೇ. ತೊಟ್ಟಿಲು ತಯಾರಿಸುವ ಕಂಪನಿಗೆ ಬರೆದ ಮೇಲ್‌ಗಳಿಗೆ ಉತ್ತರವಿಲ್ಲ. ಫೋನು ಮಾಡಿದರೆ, ಏನೋ ಮಾರಲು ಬಂದವರೆಂದು ಇಟ್ಟುಬಿಡುತ್ತಾರೆ.

ಸಾರುವುದನ್ನು ಮುಂದಕ್ಕೆ ಹಾಕೋಣವೇ ಎಂದು ಮೇಷ್ಟ್ರನ್ನೂ ಕೇಳಿದ್ದಾಯಿತು. "ನನ್ನ ಕಣ್ಣಿಗೆ ಬಿದ್ದಿದ್ದು ಕಳ್ಳನ ಕಣ್ಣಿಗೆ ಬೀಳಲ್ಲ ಅಂತ ಹೇಗಮ್ಮ ಹೇಳೋದು? ನಾವು ಬಾಯಿ ಮುಚ್ಕೊಂಡಷ್ಟೂ ಅವನಿಗೇ ಅನುಕೂಲ," ಎಂದರು ಅವರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ನಿನ್ನೆ ಅಕ್ಕನಿಗೆ ಫೋನು ಮಾಡಿ, ತೊಟ್ಟಿಲುಗಳ ನೆಟ್‌ವರ್ಕ್ ವೈರು ಕಿತ್ತಿಡಿ ಎಂದು ಗೋಗರೆದರು. "ಕಿತ್ಬಿಟ್ರೆ ಒಂದೊಂದು ತೊಟ್ಟಿಲ ಹತ್ರಾನೂ ಹೋಗಿ ಹೋಗಿ ನೋಡ್ಬೇಕಲ್ಲೇ. ನಮ್ಮ ಕಾಲು ಬಿದ್ದೋಗುತ್ತೆ," ಎಂದು ಅಕ್ಕ ರೇಗಿದರು. ರೇಗಿದರೂ ದೊಡ್ಡ ಡಾಕ್ಟರನ್ನು ಒಪ್ಪಿಸಿ ಕಿತ್ತರು. ಆ ವಾರ್ಡೇನೋ ಬಚಾವಾಯಿತು. ಬೇರೆ ಆಸ್ಪತ್ರೆಗಳಲ್ಲಿ ವೈರು ಕೀಳಿ ಎಂದು ಹೇಳುವವರು ಯಾರೂ ಇಲ್ಲ.

ಈ ಕೆಲಸಕ್ಕೆ ಏನಾದರೂ ನೆರವು ಬೇಕೇ ಎಂದು ಯಾರಾದರೂ ಕೇಳಿದರೆ ಹೇಳುತ್ತಾರೆ: "ನಾನು ಬರೆದಿದ್ದನ್ನ ಹೊರಗೆ ಬಿಡೋ ಮುಂಚೆ ಇನ್ನೊಬ್ಬರು ಒಂದ್ಸಲ ಓದೋ ಹಾಗಿದ್ರೆ ಸಾಕು. ಆ ಸಾಲು ಅವರ ಕೈಗೆ ಸಿಕ್ಕಿರೋದು."

ಹೊರಗೆ ಬೆಳಕು ಹರಿದಿದೆ. ಪ್ರಕಟಣೆಯ ತಲೆಯಲ್ಲೇ 'ಮೊದಲು ವೈರು ಕೀಳಿ, ಆಮೇಲೆ ಓದಿ' ಎಂದು ಬರೆದು, ಕೆಳಗೆ ತಪ್ಪು ಯಾರದೆಂದೂ ಬರೆದು, ಕಣ್ಣುಮುಚ್ಚಿ ಗುಂಡಿ ಒತ್ತುತ್ತಾರೆ. ಬೈಗುಳದ ಮೇಲ್‌ಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಇವರು ಒಂದನ್ನೂ ತೆರೆಯದೆ ಫೋನನ್ನೇ ನೋಡುತ್ತಾ ಕೂರುತ್ತಾರೆ. ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಫೋನು ಬಡಿದುಕೊಳ್ಳುತ್ತದೆ.

"ಮೇಡಂ, ತೊಟ್ಟಿಲು ಕಂಪನಿಯಿಂದ. ನಿಮ್ಮ ಟೀಮಿನವರಿಗೆ ಸ್ವಲ್ಪ ಲೈನ್ ಕೊಡ್ತೀರಾ?" ಎನ್ನುತ್ತದೆ ಗಾಬರಿಯ ದನಿ.

ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಾರೆ.

"ಟೀಮು ಅಂದ್ರೆ ನಾನೇ ಕಣಪ್ಪ. ತೊಟ್ಟಿಲು ಯಾವ್ಯಾವ ಊರಿಗೆ ಹೋಗಿದೆ, ಒಂದೊಂದೇ ಹೇಳ್ತಾ ಹೋಗಿ. ಕೊನೇದು ಸರಿಯಾಗೋ ತನಕ ನಾನು ಫೋನ್ ಇಡಲ್ಲ."