ಊಟ ನೋಡಿ ಎದ್ದುಹೋದ ಮುನಿರಾಜು

ಹೊಟ್ಟೆ ಚಿಕ್ಕದು ಮಾಡಿಸಿ ತೂಕ ಇಳಿಸುವ ಹೊಸ ಆಪರೇಷನ್ನಿಗಾಗಿ ದೊಡ್ಡಬಳ್ಳಾಪುರದ ನನ್ನ ಎರಡು ಪವರ್‌ಲೂಮ್ ಮಾರಿದೆ. ಮೈಭಾರಕ್ಕೆ ಮೊಣಕಾಲು ಸೋತು ಮಗ್ಗದ ಮುಂದೆ ನಿಲ್ಲಲಾಗದವನಿಗೆ ಮಗ್ಗ ಇದ್ದು ಏನು ಪ್ರಯೋಜನ? ಆಸ್ಪತ್ರೆಯ ರೂಮಿನ ಬಾಡಿಗೆಯಲ್ಲೂ ಚೌಕಾಸಿ ಮಾಡಿದ್ದೆ.

ಮರುವರ್ಷ ಬೂದಿಗೆರೆಯಿಂದ ನನ್ನ ಹೆಂಡತಿಯ ತಮ್ಮ ಮುನಿರಾಜು ಬಂದ. ಮುಂಚಿನ ನನಗಿಂತಲೂ ದಪ್ಪ, ಅವನಿಗೂ ಡಾಕ್ಟರು ಅದೇ ಆಪರೇಷನ್ ಹೇಳಿದ್ದರು. ಮಾಡಿಸಲೋ ಬೇಡವೋ ಎಂದು ಕೇಳಲು ಬಂದವನು ನನ್ನೆದುರೇ ಊಟಕ್ಕೆ ಕೂತ. ನಾನು ನಿಂಬೆಹಣ್ಣಿನಷ್ಟು ಮುದ್ದೆಯನ್ನು ಚೂರುಚೂರೇ ಅಗಿಯುತ್ತಿದ್ದೆ. ಆಪರೇಷನ್ ಆದಮೇಲೆ ಹಾಗೇ ನುಂಗಿದರೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ.

"ಏನ್ ಭಾವ, ಮುದ್ದೆ ಅಗೀತೀರಾ? ಹಲ್ಲಿಲ್ದ ನಮ್ಮಜ್ಜೀನೂ ನುಂಗ್ತದೆ."

"ಅಭ್ಯಾಸ ಆಗ್ತದೆ ಕಣೋ. ರೇಟು ನಾನು ಮಾತಾಡ್ತೀನಿ, ನೀನು ಹೂಂ ಅನ್ನು."

"ಪುಕ್ಸಟ್ಟೆ ಮಾಡಿದ್ರೂ ನಂಗ್ ಬ್ಯಾಡ" ಅಂದು ಕೈತೊಳೆದ.

ನಾನು ಆಡಿದ್ದು ರೇಟಿನ ಮಾತೊಂದೇ. ಅವತ್ತು ಬೆಳಿಗ್ಗೆ ಊರಾಚೆಯ ಬಾಶೆಟ್ಟಿಹಳ್ಳಿಯವರೆಗೆ ನಡೆದೇ ಹೋಗಿಬಂದಿದ್ದೆ. ಅದನ್ನು ಹೇಳಬೇಕು ಅನ್ನಿಸಲೇ ಇಲ್ಲ.

ಕೆಲವು ವರ್ಷ ಕಳೆದು, ಮೊನ್ನೆ ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಲಾಗದೆ, ಬಂದ ಬಸ್ಸನ್ನೆಲ್ಲ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತಿದ್ದ. "ಈಗ ಮಾಡ್ಸಣ ಅಂದ್ರೆ ಹಾರ್ಟು ತಡೆಯಲ್ಲ ಅಂತವ್ರೆ ಭಾವ" ಅಂದ.

ಈ ಆಪರೇಷನ್ ಬಗ್ಗೆ ಯೋಚಿಸುತ್ತಿರುವವರು ಮಾಡಿಸಿಕೊಂಡವರ ಊಟವನ್ನು ಖಂಡಿತ ನೋಡಿ, ಹಾಗೆ ಉಣ್ಣುವುದು ಸುಲಭವಲ್ಲ. ಆದರೆ ಅಷ್ಟಕ್ಕೇ ಎದ್ದು ಬರಬೇಡಿ. ಅವರ ಜೊತೆ ಒಂದು ಫರ್ಲಾಂಗ್ ನಡೆದು ನೋಡಿ, ಆಮೇಲೆ ತೀರ್ಮಾನ ಮಾಡಿ.