ಎರಡು ಮೊಳ ರುಮಾಲು

ನಮ್ಮೂರ ಕೆರೆ ಕಾಯುತ್ತಿದ್ದ ಮುತ್ಯಾನ ಹಣೆ ಕೆಳಗರ್ಧ ಕರ್ರಗೆ, ಮೇಲರ್ಧ ಬೆಳ್ಳಗೆ. ರುಮಾಲು ಸುತ್ತಿ ಸುತ್ತಿ ಅಲ್ಲಿಗೆ ಬಿಸಿಲೇ ಮುಟ್ಟಿರಲಿಲ್ಲ. ಹಿರಿಯರು ನಾಲ್ಕು ಜನರ ಮುಂದೆ ಬರಿತಲೆಯಲ್ಲಿ ನಿಲ್ಲುವುದಿಲ್ಲ. ಇವನು ಮಾತ್ರ ವರ್ಷಕ್ಕೊಮ್ಮೆ, ಬಿತ್ತುವುದಕ್ಕೆ ಮುಂಚೆ, ಹಳ್ಳದ ದಂಡೆಯ ಮೇಲೆ ರುಮಾಲು ಬಿಚ್ಚುತ್ತಿದ್ದ.

ಗುಡ್ಡದ ನೀರು ಆ ಹಳ್ಳದಿಂದಲೇ ಕೆರೆಗೆ ಬರಬೇಕು. ಹಳ್ಳದ ಎರಡೂ ಕಡೆ ನಮ್ಮಂಥವರ ಹೊಲ. ರುಮಾಲಿನ ಒಂದು ತುದಿಗೆ ದಂಡೆಯ ಮೇಲೆ ಕಲ್ಲಿಟ್ಟು, ಇನ್ನೊಂದು ತುದಿಯನ್ನು ಹೊಲದ ಕಡೆ ಎಳೆದು, ಮುಟ್ಟಿದಲ್ಲಿ ಗೂಟ ಹೊಡೆಯುತ್ತಿದ್ದ. ರುಮಾಲು ಹನ್ನೆರಡು ಮೊಳ. ಅಷ್ಟರೊಳಗೆ ನೇಗಿಲು ಹೋಗಬಾರದು, ಕರಕಿ ಕೀಳಬಾರದು. ಆ ಹುಲ್ಲೇ ಮಣ್ಣು ಹಿಡಿಯುವುದು ಅನ್ನುತ್ತಿದ್ದ.

"ಹಳ್ಳದ ಪಾಲು ಹಳ್ಳಕ್ಕ ಬಿಡ್ರಿ."

"ಮುತ್ಯಾ, ನಿನ್ನ ತಲಿ ದೊಡ್ಡದಾದಷ್ಟೂ ನಮ್ಮ ಹೊಲ ಸಣ್ಣದಾಗ್ತದ ನೋಡು," ಅಂತ ನನ್ನ ಗಂಡ ಕಾಡುತ್ತಿದ್ದ.

"ನೀ ಹೊಟ್ಟಿ ಸಣ್ಣದು ಮಾಡ್ಕೋ, ಹೊಲ ಸಾಲ್ತದ."

ಮುತ್ಯಾನ ಹೆಂಡತಿ ತೀರಿಹೋಗಿದ್ದಳು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಸೂಜಿ ಚಲೋ ಬರುತ್ತಿತ್ತು. ಒಂದು ವರ್ಷ ರುಮಾಲಿನ ತುದಿ ಹರಿದಿದೆ ಅಂತ ಹೊಲಿಯಲು ಕೊಟ್ಟು ಹೋದ. ಹರಿದದ್ದು ನಾಲ್ಕು ಬೆರಳು. ನಾನು ಕತ್ತರಿಸಿದ್ದು ಎರಡು ಮೊಳ. ಹಳ್ಳದ ಉದ್ದಕ್ಕೂ ಒಂದು ಸಾಲು ಹತ್ತಿ ಹೆಚ್ಚು ಬರುತ್ತದೆ ಅನ್ನೋ ಆಸೆ. ಗಂಡ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಕತ್ತರಿಸಿದ ತುಂಡನ್ನು ನೀರು ಸೋಸಲು ಕೊಡದ ಬಾಯಿಗೆ ಕಟ್ಟಿದೆ.

ಮುತ್ಯಾ ಬಂದು ಸುತ್ತಿಕೊಂಡ. "ಯವ್ವಾ, ಒಂದು ಸುತ್ತು ಕಮ್ಮಿ ಬರಾಕತ್ತದಲ್ಲ?"

"ಹರಿದದ್ದಷ್ಟೇ ತೆಗದೀನಿ ಮುತ್ಯಾ. ನಿನ್ನ ತಲಿನೇ ಬಲತದ."

ನಕ್ಕ. ನಂಬಿದ. ಕಣ್ಣು ಮಂದವಾಗಿತ್ತು, ಹಳೇ ಗೂಟ ಕಾಣಲಿಲ್ಲ. ಅದೇ ರುಮಾಲಿನಿಂದ ನಮ್ಮ ಹೊಲ ಅಳೆದ, ಕೆಳಗಿನವರ ಹೊಲಗಳನ್ನೂ ಅಳೆದ. ಎಲ್ಲರಿಗೂ ಎರಡೆರಡು ಮೊಳ ಹೆಚ್ಚು ಸಿಕ್ಕಿತು. ಸಿಕ್ಕಿದ್ದನ್ನು ಯಾರೂ ಬೇಡ ಅನ್ನಲಿಲ್ಲ. ಕರಕಿ ಕಿತ್ತು ಹರಗಿದೆವು.

ಆ ವರ್ಷದ ದೊಡ್ಡ ಮಳೆಗೆ ದಂಡೆ ಕುಸಿಯಿತು, ಮೊದಲು ನಮ್ಮ ಹೊಲದಲ್ಲೇ. ಮಣ್ಣೆಲ್ಲ ಹೋಗಿ ಕೆರೆಗೆ ನೀರು ಬರುವ ಬಾಯಿ ಕಟ್ಟಿತು. ನೀರು ಅಡ್ಡ ಹರಿದು ಹೋಯಿತು, ಕೆರೆ ಅರ್ಧವೂ ತುಂಬಲಿಲ್ಲ. ಮುತ್ಯಾ ಒಬ್ಬನೇ ಸಲಿಕೆ ಹಿಡಿದು ಎರಡು ದಿನ ಕೆಸರು ಎತ್ತಿದ. ಮೂರನೇ ದಿನ ನಮ್ಮ ಮನೆಗೆ ಬಂದು ನೀರು ಕೇಳಿದ. ಕೊಡಕ್ಕೆ ಕಟ್ಟಿದ್ದು ಯಾವ ಬಟ್ಟೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಆ ಬಟ್ಟೆಯಿಂದಲೇ ಸೋಸಿ ಕೊಟ್ಟೆ. ಅವನ ಕೈ ಬಟ್ಟೆಯ ಅಂಚಿಗೆ ತಾಗಿತು. ಬೆರಳಲ್ಲಿ ತಿಕ್ಕಿ ನೋಡಿದ. ನೀರು ಪೂರ್ತಿ ಕುಡಿದ.

"ನೀರು ಚಲೋ ಸೋಸ್ತೀ ಬಿಡವ್ವಾ," ಅಂದ. ಅಷ್ಟೇ.

ಮರುದಿನ ಹಣಮಪ್ಪನ ಗುಡಿಯ ಕಟ್ಟೆಗೆ ಊರವರನ್ನು ಕರೆದ. "ಅಳತಿ ತಪ್ಪ್ಯಾದ್ರಿ. ಎರಡು ಮೊಳ ಹಿಂದಕ್ಕ ಬಿಡ್ರಿ. ಇಲ್ಲಾಂದ್ರ ಬರೋ ವರ್ಷ ಕೆರಿ ಇರಂಗಿಲ್ಲ."

"ಈಗ ರುಮಾಲು ಉದ್ದ ಆಯ್ತೇನು ಮುತ್ಯಾ?" ಅಂತ ಒಬ್ಬ ಎದ್ದ. ಮುತ್ಯಾನ ತಲೆಯಿಂದಲೇ ರುಮಾಲು ಬಿಚ್ಚಿ, ಎಲ್ಲರ ಮುಂದೆ ಅಳೆದ. ಹತ್ತು ಮೊಳ, ಗೂಟ ಹೊಡೆದಷ್ಟೇ. ಜನ ನಕ್ಕರು. "ಅರವು ಮರವು ಆಗ್ಯಾದ ಇವಗ," ಅಂದರು.

ಮುತ್ಯಾ ಬರಿತಲೆಯಲ್ಲಿ ನಿಂತು ನನ್ನ ಕಡೆ ನೋಡಿದ. ನಾನು ಬಾಯಿ ಬಿಟ್ಟಿದ್ದರೆ ಮಿಕ್ಕ ದಂಡೆ ಉಳಿಯುತ್ತಿತ್ತು. ಸೆರಗು ಎಳೆದುಕೊಂಡೆ.

"ಹೌದ್ರಿ, ನನಗ ಮರವು," ಅಂದು ರುಮಾಲು ಸುತ್ತಿಕೊಂಡ.

ಕೆಲಸ ಬೇರೆಯವನಿಗೆ ಕೊಟ್ಟರು. ಎರಡು ಬೇಸಿಗೆ ಕಳೆದ ಮೇಲೆ ಮುತ್ಯಾ ಸತ್ತ. ಅದೇ ರುಮಾಲು ಸುತ್ತಿ ಹೆಣ ಕೂಡಿಸಿದ್ದರು. ಒಂದು ಸುತ್ತು ಕಮ್ಮಿ ಅನ್ನುವುದು ನನಗೊಬ್ಬಳಿಗೇ ಕಾಣುತ್ತಿತ್ತು.

ಈಗ ಪ್ರತಿ ವರ್ಷ ಹತ್ತು ಮೊಳದ ಹಗ್ಗಕ್ಕೆ ಆ ತುಂಡು ಬಟ್ಟೆ ಗಂಟು ಹಾಕಿ ನಾನೇ ಅಳೆಯುತ್ತೇನೆ. ನಮ್ಮ ಹೊಲದಲ್ಲಿ ಹನ್ನೆರಡು ಮೊಳ ಬಿಟ್ಟಿದ್ದೇವೆ. "ಅತ್ತಿ, ಒಂದು ಸಾಲು ಹತ್ತಿ ಸುಮ್ಮನ ಹೋಯ್ತಲ್ಲ," ಅಂತ ಸೊಸೆ ಗೊಣಗುತ್ತಾಳೆ. ಹೋಗಲಿ. ಕರಕಿ ಮತ್ತೆ ಹಬ್ಬಿದೆ.

ಕೆಳಗಿನ ಹೊಲದವರು ಇನ್ನೂ ಹತ್ತು ಮೊಳಕ್ಕೇ ಉಳುತ್ತಾರೆ, ಕೆರೆಗೆ ಇನ್ನೂ ಮಣ್ಣು ಬರುತ್ತಲೇ ಇದೆ. ಕೇಳಿದರೆ, ಇದು ಮುತ್ಯಾ ಹಾಕಿಕೊಟ್ಟ ಅಳತೆ ಅನ್ನುತ್ತಾರೆ. ಅಲ್ಲ ಎಂದು ಹೇಳಬೇಕಾದವಳು ನಾನು. ಬಾಯಿ ಬರಲಿಲ್ಲ, ಬಂದಷ್ಟು ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಓದು ಬಂದವರು ಯಾರಾದರೂ ಇದನ್ನು ಅವರಿಗೆ ಓದಿ ಹೇಳಲಿ.